ವಾಸನೆಯಿಲ್ಲದ ಸೀಸೆ

“ಮೂಸಿ ನೋಡ್ರಿ ಮೇಡಮ್,” ಎಂದ ತಬ್ರೇಜ.

ಇಂಡಿಯ ಬಸ್ ನಿಲ್ದಾಣದ ಎದುರಿಗಿದ್ದ ಅವನ ಔಷಧದ ಅಂಗಡಿಯ ಕೌಂಟರಿನ ಮೇಲೆ ಹತ್ತಿಯ ಎರಡು ಉಂಡೆಗಳಿದ್ದವು. ಒಂದರ ಮೇಲೆ ಅವನ ಫ್ರಿಜ್ಜಿನಿಂದ ತೆಗೆದ ಹೊಸ ಇನ್ಸುಲಿನ್ನಿನ ಹನಿ. ಇನ್ನೊಂದರ ಮೇಲೆ ಮಾಲಾಳ ಸೀಸೆಯ ಹನಿ.

ಮೊದಲನೆಯದು ಮೂಗಿಗೆ ತಟ್ಟನೆ ಹತ್ತಿತು. ಆಗಷ್ಟೇ ಒರೆಸಿದ ಆಸ್ಪತ್ರೆಯ ನೆಲದ ವಾಸನೆ. ಎರಡನೆಯದನ್ನು ಮೂಗಿಗೆ ಒತ್ತಿ ಹಿಡಿದೆ. ಹತ್ತಿಯ ವಾಸನೆ ಬಂತು, ಅಷ್ಟೇ.

“ಬಿಸಲಿಗೆ ಕೆಟ್ಟಿರಬೇಕು,” ಎಂದೆ.

“ಕೆಟ್ಟರೂ ವಾಸನಿ ಎಲ್ಲಿ ಹೋಗ್ತೈತ್ರಿ? ಇನ್ಸುಲಿನ್ ಬಾಳಿಕಿ ಬರಲಿ ಅಂತ ಅದರಾಗ ಒಂದು ಔಷಧಿ ಬೆರಸಿರ್ತಾರ. ವಾಸನಿ ಅದರದು. ನಿಮ್ಮ ಸೀಸೆದಾಗ ಅದೂ ಇಲ್ಲ, ಇದೂ ಇಲ್ಲ.”

“ಹಂಗಾರ ಏನೈತಿ?”

“ನೀರು.”

ಎಲ್ಲವನ್ನೂ ಮೊಬೈಲಿನಲ್ಲಿ ಚಿತ್ರೀಕರಿಸುತ್ತಿದ್ದ ಹವಾಲ್ದಾರ ಭೀಮು ಕೆಮ್ಮಿದ. “ನಮ್ಮ ಮಾವಾರಿಗೂ ಸಕ್ಕರಿ ಐತ್ರಿ ಮೇಡಮ್ಮರ. ಹಾಗಲಕಾಯಿ ರಸ ಕುಡದ ಕಂಟ್ರೋಲಿಗೆ ತಂದಾರ.”

“ಭೀಮು, ನೀ ವಿಡಿಯೋ ಹಿಡಿ.”

ಮಂಗಳವಾರದಿಂದ ಇದು ಹದಿನಾಲ್ಕನೆಯ ಮದ್ದು. ಮೆಂತ್ಯೆ ನೀರು, ಬೇವಿನ ಚಿಗುರು, ನೇರಳೆ ಬೀಜದ ಪುಡಿ. ಹೇಳಿಕೆ ಕೊಡಲು ಬಂದವರೆಲ್ಲ ಹೇಳಿಕೆ ಬಿಟ್ಟು ಮದ್ದು ಕೊಟ್ಟು ಹೋಗಿದ್ದರು.

ಮಂಗಳವಾರ ಸಂಜೆ ಸಾಲೋಟಗಿಯ ಗಂಡನ ಮನೆಯಲ್ಲಿ ಇಪ್ಪತ್ತೆರಡು ವರ್ಷದ ಮಾಲಾ ವಾಂತಿ ಮಾಡಿಕೊಂಡು ಎಚ್ಚರ ತಪ್ಪಿ ಬಿದ್ದಿದ್ದಳು. ಇವತ್ತು ಗುರುವಾರ. ವಿಜಯಪುರದ ಆಸ್ಪತ್ರೆಯಲ್ಲಿ ಅವಳಿನ್ನೂ ಕಣ್ಣು ತೆರೆದಿಲ್ಲ. ಉಸಿರಿನಲ್ಲಿ ಕೊಳೆತ ಹಣ್ಣಿನ ವಾಸನೆ ಇತ್ತೆಂದು ಅವಳ ಅಣ್ಣ ಅರುಣಕುಮಾರ ವಿಷಪ್ರಾಶನದ ದೂರು ಕೊಟ್ಟಿದ್ದ. ಅತ್ತೆ ಸಾತವ್ವಳನ್ನು ಇವತ್ತು ಸಂಜೆಯೊಳಗೆ ಒಳಗೆ ಹಾಕದಿದ್ದರೆ ಠಾಣೆಯ ಮುಂದೆ ಕೂರುತ್ತೇನೆ ಎಂದಿದ್ದ.

ವೈದ್ಯರು ಬರೆದುಕೊಟ್ಟದ್ದು ಬೇರೆ. ವಿಷವಲ್ಲ. ರಕ್ತದಲ್ಲಿ ಸಕ್ಕರೆ ಐದುನೂರು ದಾಟಿದೆ, ರಕ್ತ ಆಮ್ಲವಾಗಿದೆ, ಮೈಯಲ್ಲಿ ಇನ್ಸುಲಿನ್ ಎಂಬುದೇ ಇಲ್ಲ.

ಆದರೆ ಅವಳು ಒಂದು ಹೊತ್ತೂ ತಪ್ಪಿಸಿರಲಿಲ್ಲ. ಗಂಡ ಕಾಂತು ಕಣ್ಣಾರೆ ನೋಡಿದ್ದ. ಊಟಕ್ಕೆ ಮೊದಲು ಒಂದು ಸೀಸೆಯಿಂದ, ಮಲಗುವಾಗ ಇನ್ನೊಂದರಿಂದ, ಸೋಮವಾರವೂ ಮಂಗಳವಾರವೂ ಚುಚ್ಚಿಕೊಂಡಿದ್ದಳು. ಒಂದು ಸೀಸೆಯನ್ನು ಪ್ರಯೋಗಾಲಯಕ್ಕೆ ಕಳಿಸಿ, ಇನ್ನೊಂದನ್ನು ಇಲ್ಲಿಗೆ ತಂದಿದ್ದೆ. ಉತ್ತರಕ್ಕೆ ಹದಿನೈದು ದಿನ ಅಂದಿದ್ದರು. ಹದಿನೈದು ದಿನ!

“ಒಂದು ಮಾತು ಬಿಡಿಸಿ ಹೇಳು ತಬ್ರೇಜ,” ಎಂದೆ. “ಸಾತವ್ವಗೂ ಹತ್ತು ಹದಿನೈದು ವರ್ಷದಿಂದ ಸಕ್ಕರಿ ಐತಿ. ಆಕಿ ಎಷ್ಟೋ ಸಲ ಗುಳಗಿ ಮರತಿರ್ತಾಳ. ಆರಾಮ ಅಡ್ಡಾಡ್ತಾಳ. ಈ ಹುಡುಗಿ ಎರಡ ದಿನಕ್ಕ ಹಿಂಗ ಯಾಕ ಆದ್ಲು?”

ತಬ್ರೇಜ ಕನ್ನಡಕ ತೆಗೆದು ಅಂಗಿಗೆ ಒರೆಸಿದ. ಇದನ್ನು ಅವನು ದಿನಕ್ಕೆ ಹತ್ತು ಸಲ ಹೇಳುತ್ತಿರಬೇಕು.

“ಎರಡಕ್ಕೂ ಒಂದ ಹೆಸರು ಇಟ್ಟದ್ದ ತಪ್ಪಾಗೇತ್ರಿ. ಮಾಲಾಂದು ಮೊದಲನೇ ನಮೂನಿ. ಇನ್ಸುಲಿನ್ ತಯಾರು ಮಾಡೋ ಜಾಗಾನ ಆಕಿ ಮೈಯಾಗಿನ ಕಾವಲು ಪಡೀನ ವೈರಿ ಅಂತ ತಿಳದು ನಾಶ ಮಾಡೇತಿ. ಕಾರ್ಖಾನಿಗೆ ಪೂರಾ ಬೀಗ. ಸಕ್ಕರಿ ತಿಂದಿದ್ದಕ್ಕ ಬಂದದ್ದಲ್ಲ, ಆಕಿ ತಪ್ಪೂ ಅಲ್ಲ. ಹೊರಗಿಂದ ಇನ್ಸುಲಿನ್ ಕೊಟ್ಟರ ಬದುಕು. ಒಂದೆರಡು ದಿನ ನಿಂತರ ಮುಗೀತು.”

“ಸಾತವ್ವಂದು?”

“ಎರಡನೇ ನಮೂನಿ. ಕಾರ್ಖಾನಿ ನಡದೈತಿ, ಮಾಲೂ ಹೊರಗ ಬರ್ತೈತಿ, ಮೈ ಮಾತ್ರ ಅದರ ಮಾತು ಕೇಳವಲ್ತು. ಪಥ್ಯ, ನಡಗಿ, ಗುಳಗಿ. ವರ್ಷಾನುಗಟ್ಟಲೆ ಹೋದ ಮ್ಯಾಲ ಕೆಲವರಿಗೆ ಇನ್ಸುಲಿನ್ನೂ ಬೇಕಾಗ್ತೈತಿ. ಗುಳಗಿ ಬಿಟ್ಟರ ಅದೂ ಕಣ್ಣು, ಕಿಡ್ನಿ ತಿಂತೈತಿ, ಆದ್ರ ಸಾವಕಾಶ. ಮೂರನೇದೂ ಒಂದೈತ್ರಿ, ಬಸುರಾದಾಗ ಬರೂದು. ಅದು ನಿಮ್ಮ ಕೇಸಿಗೆ ಬೇಕಿಲ್ಲ ಬಿಡ್ರಿ.”

ನಾನೂ ಬಿಟ್ಟೆ.

ಮುದ್ದೇಬಿಹಾಳದಲ್ಲಿ ನನ್ನ ಅವ್ವನಿಗೂ ಸಕ್ಕರೆ ಕಾಯಿಲೆ. ಎಂಟು ವರ್ಷದಿಂದ ಅವಳ ಗುಳಿಗೆ ಚೀಟಿ ನನ್ನ ಪರ್ಸಿನಲ್ಲಿದೆ. ಮಂಗಳವಾರದವರೆಗೆ ನನ್ನನ್ನು ಕೇಳಿದ್ದರೆ, ಸಕ್ಕರೆ ಎಂದರೆ ಸಕ್ಕರೆ ಎಂದೇ ಹೇಳುತ್ತಿದ್ದೆ. ಪದವಿ ಓದಿದವಳು ನಾನು.

“ಇನ್ನೂ ಬಾಟ್ಲಿ ಮೂಸಾಕತ್ತೀರೇನು ಮೇಡಮ್ಮರ?”

ಅಂಗಡಿಯ ಮೆಟ್ಟಿಲ ಮೇಲೆ ಅರುಣಕುಮಾರ ನಿಂತಿದ್ದ. ದೇವರ ಹಿಪ್ಪರಗಿಯಿಂದ ಬೆಳಗಿನ ಬಸ್ಸಿಗೆ ಬಂದವನು ಠಾಣೆಯಿಂದ ನನ್ನ ಹಿಂದೆಯೇ ಬಂದಿದ್ದ.

“ನಮ್ಮ ತಂಗಿ ಅಲ್ಲಿ ಸಾಯಾಕತ್ತಾಳ. ನೀವು ಇಲ್ಲಿ ಅತ್ತರ ಖರೀದಿ ಮಾಡಿದಂಗ ಮೂಸ್ಕೋತ ನಿಂತೀರಿ.”

“ಒಳಗ ಬಾ. ಈ ಸೀಸೆ ಆಕಿಗೆ ಯಾರು ತಂದು ಕೊಡ್ತಿದ್ರು?”

“ನಾನ. ತಿಂಗಳಾ ಬುತ್ತಿ ಜೋಡಿ.”

“ಬುತ್ತಿ ಜೋಡಿ ಅಂದ್ರ?”

ಅವನು ನೆಲ ನೋಡಿದ. “ಬುಟ್ಟಿ ತಳದಾಗ. ರೊಟ್ಟಿ ಕೆಳಗ ಇಟ್ಟು.”

ತಬ್ರೇಜ ಹಣೆ ಹಿಡಿದುಕೊಂಡ. ತಂಪಿನಲ್ಲಿ ಇಡಬೇಕಾದ ಔಷಧ ಬಿಸಿ ರೊಟ್ಟಿಯ ಕೆಳಗೆ, ಬಸ್ಸಿನ ಟಾಪಿನ ಮೇಲೆ ಊರೂರು ಸುತ್ತಿ ಬರುತ್ತಿತ್ತು.

“ಯಾಕ ಮುಚ್ಚಿಟ್ರಿ?”

“ಸಕ್ಕರಿ ಐತಿ ಅಂದ್ರ ಹುಡುಗೀನ ಯಾರು ಮಾಡ್ಕೋತಾರ್ರೀ? ಕಾಂತುಗ ಗೊತ್ತಿತ್ತು. ಆಕಿ ಅತ್ತಿಗೆ ಮಾತ್ರ, ಮಾಲಾಗ ರಕ್ತ ಕಡಿಮಿ ಐತಿ, ಅದರ ಸೂಜಿ ಅಂತ ಹೇಳಿದ್ವಿ. ಎಂಟು ತಿಂಗಳು ಸರಳ ನಡದಿತ್ತು.”

“ಸರಳ! ನಿನ್ನ ಮ್ಯಾಲ ಮೊದಲು ಕೇಸು ಹಾಕಬೇಕು.”

“ಹಾಕ್ರಿ. ಮುದುಕೀನ ಹಿಡದ ಮ್ಯಾಲ ಹಾಕ್ರಿ.”

“ಜಗಳ ಆಮ್ಯಾಲ ಆಡ್ರಿ,” ಎಂದ ತಬ್ರೇಜ. ಭೂತಗನ್ನಡಿಯನ್ನು ನನ್ನ ಕಡೆ ಸರಿಸಿದ. “ಬೂಚಿನ ರಬ್ಬರು ನೋಡ್ರಿ.”

ಸೀಸೆಯ ಮೇಲಿನ ಲೋಹದ ಪಟ್ಟಿ ಹಾಗೇ ಇತ್ತು. ರಬ್ಬರಿನಲ್ಲಿ ಸಣ್ಣ ಸಣ್ಣ ಚುಕ್ಕೆಗಳು. ಇನ್ಸುಲಿನ್ ಸೂಜಿ ಕೂದಲಿನಷ್ಟು ತೆಳು, ಚುಚ್ಚಿದ್ದು ಕಾಣುವುದೇ ಕಷ್ಟ. ಅವುಗಳ ನಡುವೆ ಒಂದೇ ಒಂದು ತೂತು ಬೇರೆ ತರಹ ಇತ್ತು. ಅಂಚು ಹರಿದಿತ್ತು. ದಪ್ಪ ದಾರ ತೂರುವಷ್ಟು ಅಗಲ.

ಅರುಣಕುಮಾರ ಬಗ್ಗಿ ನೋಡಿದ.

“ಇದು ಕುರಿ ಸೂಜಿರೀ,” ಎಂದ ಮೆಲ್ಲಗೆ. “ಲಸಿಕಿ ಹಾಕೋ ಸೂಜಿ. ನಮ್ಮ ಹಟ್ಟ್ಯಾಗೂ ಅದಾವು.” ಆಮೇಲೆ ಕೂಗಿದ. “ಆ ಮನ್ಯಾಗ ಕುರಿಗೆ ಸೂಜಿ ಹಾಕಾಕಿ ಒಬ್ಬಾಕಿನ! ಕೇಳ್ರಿ ಬೇಕಾರ ಊರಾಗ!”

ಅವನನ್ನು ಅಂಗಡಿಯ ಸ್ಟೂಲಿನ ಮೇಲೆ ಕೂರಿಸಿ, ಎದ್ದರೆ ತನಗೆ ಫೋನ್ ಮಾಡಬೇಕೆಂದು ತಬ್ರೇಜನಿಗೆ ಹೇಳಿ ಭೀಮು ಜೀಪು ಹೊರಡಿಸಿದ.

*

ಸಾಲೋಟಗಿಯ ದಾರಿಯುದ್ದಕ್ಕೂ ನಿಂಬೆ ತೋಟ. ನಾನು ಒಂದನ್ನೂ ನೋಡಲಿಲ್ಲ. ಪ್ರಶ್ನೆಗಳನ್ನು ಜೋಡಿಸಿಕೊಳ್ಳುತ್ತಿದ್ದೆ. ಮಾಲಾ ಉಳಿಯದಿದ್ದರೆ ಇದು ಕೊಲೆ. ಒಂದು ಪದ ತಪ್ಪಿ ಬರೆದರೆ ಒಬ್ಬ ಹೆಂಗಸಿನ ಉಳಿದ ಆಯುಷ್ಯ ಜೈಲಿನಲ್ಲಿ ಹೋಗುತ್ತದೆ.

ಸಾತವ್ವ ಪಡಸಾಲೆಯ ಕಂಬಕ್ಕೆ ಒರಗಿ ಕುಳಿತಿದ್ದಳು. ಐವತ್ತೈದರ ಗಟ್ಟಿ ಹೆಂಗಸು. ಪಕ್ಕದಲ್ಲೊಂದು ಕೈಚೀಲ. ಅದರ ಬಾಯಿಯಿಂದ ಹಸಿರು ಸೀರೆಯ ಅಂಚು, ಬಳೆಯ ಡಬ್ಬಿ ಇಣುಕುತ್ತಿದ್ದವು. ಗೋಡೆಯ ಗಡಿಯಾರ ನೋಡುತ್ತಿದ್ದವಳು ನಮ್ಮನ್ನು ಕಂಡು ಮುಖ ತಿರುಗಿಸಿದಳು.

“ಎಲ್ಲಿಗೆ ಹೊಂಟೀರಿ ಸಾತವ್ವ?”

“ಎಲ್ಲಿಗೆ ಹೋಗ್ಲಿರಿ ಅವ್ವಾರ? ಊರು ಬಿಡಬ್ಯಾಡ ಅಂದೀರಿ. ಫೋನು ಕಸ್ಗೊಂಡು ಹೋಗೀರಿ. ಕೋಳಿ ಮುಚ್ಚಿದಂಗ ಮುಚ್ಚೀರಿ.”

ಓಡಿಹೋಗಲು ಕಟ್ಟಿಟ್ಟ ಚೀಲ ಎಂದು ಮನಸ್ಸಿನಲ್ಲಿ ಬರೆದುಕೊಂಡೆ.

ಅಡುಗೆ ಮನೆಯ ಮೂಲೆಯಲ್ಲಿ ಹಸಿ ಮರಳು ತುಂಬಿದ ಮಡಕೆ. ಕರೆಂಟು ಕೈಕೊಡುತ್ತದೆಂದು ಮಾಲಾ ತನ್ನ ಸೀಸೆಗಳನ್ನು ಇಟ್ಟುಕೊಳ್ಳುತ್ತಿದ್ದ ಜಾಗ. ಅದರ ಮೇಲಿನ ಗೂಡಿನಲ್ಲಿ ಕುರಿಯ ಔಷಧಗಳು, ಜಂತಿನ ಡಬ್ಬಿ, ಸೂಜಿಗಳ ಪೆಟ್ಟಿಗೆ. ಪೆಟ್ಟಿಗೆಯಲ್ಲಿ ದೊಡ್ಡ ಸಿರಿಂಜು ಇರಬೇಕಾದ ಜಾಗ ಖಾಲಿ.

“ಕುರಿಗೆ ಸೂಜಿ ಯಾರು ಹಾಕ್ತೀರಿ?”

“ನಾನ. ಮುನ್ನೂರು ಕುರಿ ಅದಾವ. ಡಾಕ್ಟರ ಬರೂತನಾ ಕಾಯ್ಕೋತ ಕುಂತರ ಆಗ್ತೈತೇನ್ರಿ? ನನ್ನ ಕೈಯಾಗ ಒಂದು ಕುರಿ ಸತ್ತಿಲ್ಲ ಇಲ್ಲೀತನಾ.”

ನಾನು ಸೀಸೆಯನ್ನು ಅವಳ ಮುಂದೆ ಇಟ್ಟೆ. ಎಲ್ಲ ಗೊತ್ತಿರುವವಳ ಹಾಗೆ ಕೇಳಿದೆ.

“ಇದರಾಗ ನೀರು ಯಾವಾಗ ತುಂಬಿದ್ರಿ?”

“ಐತವಾರ ಸಂಜಿಕೆ,” ಎಂದಳು ಸಾತವ್ವ. “ಎರಡರಾಗೂ. ಕುದಿಸಿ ಆರಿಸಿದ ನೀರ್ರಿ. ಹಸಿ ನೀರು ಹಾಕಿಲ್ಲ.”

ಭೀಮುವಿನ ಪೆನ್ನು ನಿಂತಿತು.

ಸುಳ್ಳಿಗೆ ನಾನು ತಯಾರಾಗಿದ್ದೆ. ಅಳುವಿಗೆ, ಎದೆ ಬಡಿದುಕೊಳ್ಳುವುದಕ್ಕೆ ತಯಾರಾಗಿದ್ದೆ. ಕುದಿಸಿ ಆರಿಸಿದ ನೀರಿಗೆ ತಯಾರಾಗಿರಲಿಲ್ಲ.

“ಯಾಕ? ಯಾಕ ಸಾತವ್ವ?”

“ಚಟ ಬಿಡಸಾಕ. ರಕ್ತ ಕಡಿಮಿ ಅಂತ ಸುಳ್ಳು ಹೇಳಿ ಕೊಟ್ಟಾರ ಹುಡುಗೀನ. ನನ್ನ ಮಗಳು ರಾಜಶ್ರೀ ಬಂದಾಗ ಬಾಟ್ಲಿ ಮ್ಯಾಲ ಓದಿ ಹೇಳಿದ್ಲು, ಸಕ್ಕರಿ ಸೂಜಿ ಅಂತ. ಸೂಜಿ ಅಂದ್ರ ಕಡೀ ಹಂತಲ್ಲರೀ? ನಮ್ಮ ಓಣ್ಯಾಗ ಮೂರು ಮಂದಿ ಸೂಜಿ ಹಚ್ಚಿಸ್ಕೊಂಡ್ರು. ಮೂರೂ ಮಂದಿ ಹೋದ್ರು. ಇಪ್ಪತ್ತೆರಡು ವರ್ಷದ ಕೂಸಿಗೆ ಸೂಜಿ ಯಾಕ ಬೇಕು?”

“ಆಕೀನ ಒಂದು ಮಾತು ಕೇಳಬಾರದಿತ್ತೇನು?”

“ಕೇಳೀನಿ. ಬಿಟ್ಟರ ಸಾಯ್ತೇನಿ ಅತ್ತಿ ಅಂದ್ಲು. ಚಟ ಇದ್ದವರು ಹಂಗ ಅಂತಾರ.”

“ಸಾತವ್ವಾ…”

“ಬರಿಗೈಲೆ ಬಿಟ್ಟಿಲ್ರಿ ನಾನು. ನನ್ನ ಗುಳಗಿ ಅರದು ಮಜ್ಜಿಗ್ಯಾಗ ಕಲಿಸಿ ಕೊಟ್ಟೇನಿ. ನನ್ನ ಪಾಲಿಂದು. ಆಕಿಗೆ ಕೊಟ್ಟು ನಾನು ಖಾಲಿ ಅದೇನಿ, ಅದನ್ನ ಬರಕೋರಿ. ಐತವಾರದಿಂದ ನಾನು ಗುಳಗಿ ಮುಟ್ಟಿಲ್ಲ.”

“ನಿಮಗ ಏನಾತು?”

“ಏನಾಗ್ತೈತಿ? ಒಂದೀಟು ಬಾಯಿ ಒಣಗಿತ್ತು.”

“ಅಲ್ಲೇ ಐತಿ ಫರಕು!” ನನ್ನ ದನಿ ನನಗೇ ಗೊತ್ತಿಲ್ಲದೆ ಏರಿತ್ತು. “ನಿಮ್ಮ ಮೈಯಾಗ ಇನ್ಸುಲಿನ್ ಇನ್ನೂ ಹುಟ್ಟತೈತಿ. ಅದಕ್ಕ ಬಾಯಿ ಒಣಗಿ ಬಿಟ್ಟಿತು. ಆಕಿ ಮೈಯಾಗ ಹನೀನೂ ಹುಟ್ಟೂದಿಲ್ಲ. ನಿಮ್ಮ ಗುಳಗಿ ನೂರು ಕೊಟ್ಟರೂ ಆಕಿಗೆ ಸೂಜಿ ಬದಲಿ ಆಗೂದಿಲ್ಲ. ಅದು ಚಟ ಅಲ್ಲ, ಅದ ಆಕಿ ಉಸಿರು. ನೀವು ಉಸಿರು ತಗದು ನೀರು ತುಂಬೀರಿ!”

“ಸಕ್ಕರಿ ಅಂದ್ರ ಸಕ್ಕರಿ ಅಲ್ಲೇನ್ರಿ? ಅದರಾಗ ಒಂದನೇದು, ಎರಡನೇದು, ಅದೇನು ಸಾಲಿ ಕ್ಲಾಸೇನು?”

“ಕುರಿಗೆ ಎಷ್ಟು ರೋಗ ಅದಾವ ಹೇಳ್ರಿ.”

“ಕರುಳ ಬ್ಯಾನಿ ಬ್ಯಾರೆ, ಸಿಡಬ ಬ್ಯಾರೆ, ನೀಲಿ ನಾಲಗಿ ಬ್ಯಾರೆ…”

“ಎಲ್ಲಾಕ್ಕೂ ಒಂದ ಲಸಿಕಿ ಹಾಕ್ತೀರೇನು?”

ಕುರಿಯ ಮಾತಿನಲ್ಲಿ ಅದು ಅವಳೊಳಗೆ ಇಳಿಯುತ್ತಿರುವುದು ನನಗೆ ಕಾಣುತ್ತಿತ್ತು. ಕೈ ಸೆರಗಿನ ಚುಂಗನ್ನು ಹುಡುಕಿತು.

“ಅಂದ್ರ ನಾನ ಕೊಂದ್ನೇನ್ರಿ ಹುಡುಗೀನ?”

“ಇನ್ನೂ ಜೀವ ಐತಿ. ದೇವರ ಪುಣ್ಯ.”

ಭೀಮು ಹಾಳೆ ತಿರುವಿದ. ಹೇಳಿಕೆ ಪೂರ್ತಿಯಾಗಬೇಕಲ್ಲ ಎಂದು, ಬರೀ ಅದಕ್ಕಾಗಿ, ಕೊನೆಯ ಪ್ರಶ್ನೆ ಕೇಳಿದೆ.

“ಸೀಸೆದಾಗಿದ್ದ ಔಷಧಿ ಎಲ್ಲಿ ಚೆಲ್ಲಿದ್ರಿ?”

“ಚೆಲ್ಲೂದೇನ್ರಿ?” ಕಣ್ಣು ಒರೆಸಿಕೊಳ್ಳುತ್ತಲೇ ಅವಳು ಬೇಸರ ಮಾಡಿಕೊಂಡಳು. “ಔಷಧಿ ಯಾರರ ಚೆಲ್ತಾರೇನು? ಸಿರಿಂಜಿನಾಗ ತುಂಬಿ ಸೋಮವಾರ ರಾಜಶ್ರೀ ಮನಿಗೆ ಹೋಗಿ ಕೊಟ್ಟು ಬಂದೇನಿ.”

ನಾನು ಕುಳಿತಲ್ಲೇ ನೆಟ್ಟಗಾದೆ.

“ರಾಜಶ್ರೀಗೆ ಯಾಕ?”

“ಆಕಿ ಏಳು ತಿಂಗಳ ಬಸುರಿ. ಬಾಗೇವಾಡ್ಯಾಗ ಕೊಟ್ಟೇವಿ. ಹೋದ ತಿಂಗಳು ಡಾಕ್ಟರ ರಕ್ತ ನೋಡಿ ಸಕ್ಕರಿ ಐತಿ ಅಂದಾರಂತ.”

*ಮೂರನೇದೂ ಒಂದೈತ್ರಿ. ಅದು ನಿಮ್ಮ ಕೇಸಿಗೆ ಬೇಕಿಲ್ಲ ಬಿಡ್ರಿ.*

“ಡಾಕ್ಟರ ಸೂಜಿ ಬರದು ಕೊಟ್ಟಾರೇನು?”

“ಇಲ್ರಿ. ಈಗ ಪಥ್ಯ ಮಾಡು, ದಿನಾ ನಡಿ, ಹೆರಿಗಿ ಆದ ಮ್ಯಾಲ ಬಹಳ ಮಾಡಿ ತಾನ ಹೋಗ್ತೈತಿ ಅಂದಾರ. ಮುಂದ ಬೇಕಾದ್ರ ಸೂಜಿ ಕೊಡೂಣಂತ ಅಂದಾರ. ಅದಕ್ಕ ನಾನು ವಿಚಾರ ಮಾಡಿ ಸರಿ ಹಂಚಿದೆ. ಬಸುರಿಗೆ ನಾಕ ದಿನದ ಸೂಜಿ, ಅಷ್ಟಕ್ಕ ಚಟ ಹತ್ತೂದಿಲ್ಲ. ಸೊಸಿಗೆ ಗುಳಗಿ. ನನಗ ಏನಿಲ್ಲಂದ್ರೂ ನಡೀತೈತಿ.”

ಒಂದು ಮನೆ. ಮೂವರು ಹೆಂಗಸರು. ಮೂರು ಬೇರೆ ಕಾಯಿಲೆಗಳು. ರೊಟ್ಟಿ ಹಂಚಿದ ಹಾಗೆ ಅವಳು ಔಷಧ ಹಂಚಿದ್ದಳು.

“ಎಷ್ಟು ಹಾಕ್ಕೋ ಅಂದೀರಿ?”

“ಎರಡು ಎಂ.ಎಲ್. ಕುರಿಗೆ ಹಾಕೂದು ಅಷ್ಟಲ್ಲರೀ. ಆಕಿಗೆ ಹೇಳಿಕೊಡೂದೇನಿಲ್ಲ, ಸಣ್ಣಾಕಿ ಇದ್ದಾಗಿಂದ ಕುರಿಗೆ ಹಾಕ್ಯಾಳ.”

“ಯಾವಾಗ ಹಾಕ್ಕೋ ಅಂದೀರಿ? ಸಾತವ್ವ, ಯಾವಾಗ?”

ಅವಳು ಮತ್ತೆ ಗಡಿಯಾರ ನೋಡಿದಳು.

“ಇವತ್ತ. ಕುಬುಸ ಐತಲ್ರಿ ಆಕೀದು, ಗಂಡನ ಮನ್ಯಾಗ. ಹನ್ನೆರಡಕ್ಕ ಆರತಿ ಮಾಡಿ ಉಣ್ಣಾಕ ಕೂಡಸ್ತಾರ. ಉಣ್ಣೂಕಿಂತ ಅರ್ಧ ತಾಸು ಮೊದಲ ಹಾಕ್ಕೋ ಅಂದೇನಿ. ತಾಯಿ ಆಗಿ ನಾನು ಹಸರು ಸೀರಿ ಒಯ್ಯಬೇಕಿತ್ತು. ನೀವು ಬಿಡಲಿಲ್ಲ.”

ಸೀಮಂತದ ಹಸಿರು ಸೀರೆ. ಹಸಿರು ಬಳೆ. ಅದು ಓಡಿಹೋಗುವ ಚೀಲವಾಗಿರಲಿಲ್ಲ.

ಗಡಿಯಾರದಲ್ಲಿ ಹನ್ನೆರಡು ಗಂಟೆ ಐದು ನಿಮಿಷ.

*

“ಎರಡು ಎಂ.ಎಲ್.?” ಫೋನಿನಲ್ಲಿ ತಬ್ರೇಜನ ದನಿ ಬದಲಾಯಿತು. “ಮೇಡಮ್, ಮಾಲಾ ಒಂದು ಊಟಕ್ಕ ತಗೋಳ್ಳೂದು ಇದರ ಎಂಟರಾಗ ಒಂದು ಪಾಲು ಇಲ್ಲ. ಈಕಿಗಂತೂ ಅದು ಬೇಕಾಗೇ ಇದ್ದಿಲ್ಲ. ಸಕ್ಕರಿ ಒಮ್ಮಿಗೇ ಕುಸೀತೈತಿ. ತಾಯಿ, ಕೂಸು ಇಬ್ಬರಿಗೂ ಅಪಾಯ.”

“ಏನು ಮಾಡಬೇಕು? ಬೇಗ ಹೇಳು.”

“ಎಚ್ಚರ ಐತಿ ಅಂದ್ರ ಈಗಿಂದೀಗ ಸಿಹಿ ಕುಡಸಬೇಕು. ಸಕ್ಕರಿ ನೀರು, ಬೆಲ್ಲದ ನೀರು. ಎಚ್ಚರ ತಪ್ಪಿದ್ರ ಬಾಯಾಗ ಏನೂ ಹಾಕಬಾರದು. ಕುಡಿಸಿ ಸೀದಾ ದವಾಖಾನಿಗೆ.”

ಇಲ್ಲಿಂದ ಬಸವನ ಬಾಗೇವಾಡಿಗೆ ಜೀಪಿನಲ್ಲಿ ಎರಡು ತಾಸು. ಭೀಮು ಅಂಗಳಕ್ಕೆ ಓಡಿ ಬಾಗೇವಾಡಿ ಠಾಣೆಗೆ ಫೋನು ಹಚ್ಚುತ್ತಿದ್ದ. “ಬಿಜಿ ಐತ್ರಿ ಮೇಡಮ್ಮರ! ಮನಿ ಎಲ್ಲೈತಿ ಅಂತ ಹೇಳ್ಲಿ?”

“ಹೊಸಾ ಬಡಾವಣಿ,” ಎಂದಳು ಸಾತವ್ವ. “ಬೇವಿನ ಗಿಡ ಐತಿ ಮುಂದ.”

ಬೇವಿನ ಗಿಡ! ಸಾತವ್ವ ಹೇಳಿದ ರಾಜಶ್ರೀಯ ನಂಬರು ಒತ್ತಿದೆ. ಎರಡು ಸಲ ರಿಂಗಾಗಿ ನಿಂತಿತು. ಮೂರನೆಯ ಸಲ ಯಾರೋ ಎತ್ತಿದರು. ಹಿನ್ನೆಲೆಯಲ್ಲಿ ಹೆಂಗಸರ ಹಾಡು, ತಾಟುಗಳ ಸದ್ದು.

“ಯಾರು?”

“ನಾನು ಇಂಡಿಯಿಂದ ಪಿ.ಎಸ್.ಐ. ಶೈಲಶ್ರೀ. ರಾಜಶ್ರೀ ಎಲ್ಲಿ?”

“ಮಣಿ ಮ್ಯಾಲ ಕುಂತಾಳ್ರಿ. ನಾನು ಆಕಿ ಅತ್ತಿ, ಸಾವಿತ್ರವ್ವ. ಏನಾಗಬೇಕಿತ್ತು?”

“ಆಕಿ ಸೂಜಿ ಹಾಕ್ಕೊಂಡಾಳೇನು?”

“ಆಗಲೇ ಅರ್ಧ ತಾಸಾತು. ಯಾಕೋ ಮೈ ಬೆವರಾಕತ್ತೇತಿ ಆಕೀದು. ಕೈ ನಡಗತಾವು ಅಂತಾಳ. ಮಂದಿ ಗದ್ಲಕ್ಕ ಇರಬೇಕು.”

“ಕೇಳ್ರಿ ಸಾವಿತ್ರವ್ವ. ಒಂದು ಗ್ಲಾಸು ನೀರಾಗ ನಾಕು ಚಮಚ ಸಕ್ಕರಿ ಹಾಕಿ ಈಗಿಂದೀಗ ಕುಡಸ್ರಿ.”

“ಆಕಿಗೆ ಸಕ್ಕರಿ ಬ್ಯಾನಿ ಐತ್ರಿ.”

“ಗೊತ್ತೈತಿ! ಆ ಸೂಜಿ ಹೆಚ್ಚಾಗೇತಿ, ಅದಕ್ಕ…”

“ಸಕ್ಕರಿ ಇದ್ದಾಕಿಗೆ ಸಕ್ಕರಿ ಕುಡಸು ಅಂತೀಯಲ್ಲ, ಯಾರವ್ವಾ ನೀ? ಪೊಲೀಸಂತ ಪೊಲೀಸ! ಇಂಥಾ ಕಳ್ಳ ಫೋನು ಭಾಳ ಬರಾಕತ್ತಾವ ಈಗ.”

“ಫೋನು ಇಡಬ್ಯಾಡ್ರಿ! ಸಾತವ್ವ ಇಲ್ಲೇ ಅದಾಳ, ಮಾತಾಡ್ರಿ…”

“ಬೀಗತಿ ನಂಬರು ನನಗ ಗೊತ್ತಿಲ್ಲೇನು? ಇದು ಆಕಿ ನಂಬರಲ್ಲ.”

ಫೋನು ಸಾತವ್ವಳ ಕಿವಿಗೆ ಹೋಗುವಷ್ಟರಲ್ಲಿ ಲೈನು ಕಡಿದಿತ್ತು. ಅವಳ ನಂಬರಿನ ಫೋನು ಇಂಡಿ ಠಾಣೆಯ ಕಪಾಟಿನಲ್ಲಿ, ನನ್ನ ಕೈಯಾರೆ ಹಾಕಿದ ಮೊಹರಿನ ಒಳಗೆ ಇತ್ತು.

ಮತ್ತೆ ಒತ್ತಿದೆ. ಸ್ವಿಚ್ ಆಫ್. ಮತ್ತೆ ಒತ್ತಿದೆ. ಸ್ವಿಚ್ ಆಫ್.

“ಬ್ಯಾರೆ ಯಾರದರ ನಂಬರು ಹೇಳ್ರಿ! ಗಂಡಂದು? ಮೈದುನಂದು? ಯಾರಾದ್ರೂ ಒಂದು ಸಿಹಿ ತುತ್ತು ಬಾಯಿಗೆ ಇಟ್ಟರ ಸಾಕು ಈಗ. ಕುಬುಸದ ಮನಿ, ಹೋಳಿಗಿ ಮುಂದ ಇರ್ತೈತಿ. ಯಾರಾದ್ರೂ ತಿನಸೇ ತಿನಸ್ತಾರಲ್ಲ?”

ಸಾತವ್ವ ಕಂಬ ಹಿಡಿದು ನಿಂತಿದ್ದಳು. ಹಸಿರು ಬಳೆಯ ಡಬ್ಬಿ ಅವಳ ಕಾಲ ಬಳಿ ಉರುಳಿತ್ತು.

“ಯಾರೂ ತಿನಸೂದಿಲ್ರಿ ಅವ್ವಾರ,” ಎಂದಳು. “ಸೂಜಿ ಆದ ಮ್ಯಾಲ ಹುಡುಗಿ ಅತ್ತು ಬೇಡಿದ್ರೂ ಸಿಹಿ ಕೊಡಬ್ಯಾಡ್ರಿ ಅಂತ ನಾನ ಆ ಮನಿ ಮಂದಿಗೆಲ್ಲಾ ಆಣಿ ಹಾಕಿಸೇನಿ.”